ಗರ್ಭಿಣಿಯ ಔಷಧ, ಶಿಶುವಿನ ಹಕ್ಕು

ಹುಟ್ಟಿದ ಮಗುವಿನ ಬೆನ್ನುಹುರಿಯಲ್ಲೋ ತುಟಿಯಲ್ಲೋ ಹೃದಯದಲ್ಲೋ ನ್ಯೂನತೆ ಕಂಡಾಗ ತಾಯಂದಿರು ಧರ್ಮಗುರುಗಳ ಬಳಿ ಬಂದು ಮೊದಲು ಕೇಳುವ ಪ್ರಶ್ನೆ ಒಂದೇ: "ಸ್ವಾಮಿ, ಯಾವ ಪಾಪಕ್ಕೆ ಈ ಶಿಕ್ಷೆ?" ಹುಟ್ಟುಕುರುಡನನ್ನು ಕಂಡ ಶಿಷ್ಯರು ಕೇಳಿದ್ದೂ ಇದನ್ನೇ, ಪ್ರಭುಗಳು ಆ ಊಹೆಯನ್ನೇ ತಳ್ಳಿಹಾಕಿದರು. ಆದರೂ ನಮ್ಮ ಮನೆಗಳಲ್ಲಿ ಬೆರಳು ತಿರುಗುವುದು ತಾಯಿಯ ಕಡೆಗೇ. ಆಕೆ ಬಸುರಿಯಾಗಿದ್ದಾಗ ನುಂಗಿದ ಮಾತ್ರೆ ಯಾವುದು, ಬರೆದುಕೊಟ್ಟವರು ಯಾರು, ಅಪಾಯವನ್ನು ತಿಳಿಸಿದ್ದರೇ ಎಂದು ವಿಚಾರಿಸುವವರು ಅಪರೂಪ.

2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಮೃತಪಟ್ಟಾಗ ನಾಡೇ ಬೆಚ್ಚಿಬಿದ್ದಿತು. ಸಂಶಯವು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿದ್ದಿತು. ರಾಜ್ಯದ ಔಷಧ ನಿಯಂತ್ರಕರು ಅಮಾನತುಗೊಂಡರು. ಅಲ್ಲಿ ಬಾಟಲಿಗೂ ಸಾವಿಗೂ ನಡುವೆ ಇದ್ದ ಅಂತರ ಕೆಲವೇ ದಿನಗಳದು. ಗರ್ಭದಲ್ಲಾಗುವ ಹಾನಿ ಹಾಗಲ್ಲ. ಎರಡನೆಯ ತಿಂಗಳಲ್ಲಿ ನುಂಗಿದ ಮಾತ್ರೆಯ ಫಲ ಒಂಬತ್ತನೆಯ ತಿಂಗಳಲ್ಲಿ ಕಣ್ಣಿಗೆ ಬೀಳುತ್ತದೆ. ಅಷ್ಟರಲ್ಲಿ ಚೀಟಿ ಕಳೆದಿರುತ್ತದೆ, ಔಷಧದ ಹೆಸರೂ ಮರೆತಿರುತ್ತದೆ.

ಒಂದರ ನಂತರ ಇನ್ನೊಂದು ಸಂಭವಿಸಿದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗದು. ಗುರುಮಠದ ತರ್ಕಶಾಸ್ತ್ರದ ತರಗತಿಯಲ್ಲಿ ನಾವು ಕಲಿತ ಈ ಪಾಠವನ್ನು ನ್ಯಾಯಾಲಯವೂ ಪಾಲಿಸುತ್ತದೆ. ಯಾವ ಔಷಧವನ್ನೂ ಸೇವಿಸದ ತಾಯಂದಿರಲ್ಲಿಯೂ ನೂರಕ್ಕೆ ಎರಡು ಮೂರು ಶಿಶುಗಳು ನ್ಯೂನತೆಯೊಂದಿಗೆ ಜನಿಸುತ್ತವೆ. ಆದುದರಿಂದ ಎಲ್ಲ ವೈದ್ಯರನ್ನೂ ಕಟಕಟೆಗೆ ಎಳೆಯಿರೆಂದು ನಾವು ಹೇಳುತ್ತಿಲ್ಲ. ಆದರೆ ಮೂರ್ಛೆರೋಗಕ್ಕೆ ಕೊಡುವ ಸೋಡಿಯಂ ವಾಲ್ಪ್ರೋಯೇಟನ್ನು ಬಸುರಿನಲ್ಲಿ ಸೇವಿಸಿದರೆ ಆ ಪ್ರಮಾಣ ನೂರಕ್ಕೆ ಸುಮಾರು ಹತ್ತಕ್ಕೇರುತ್ತದೆಂಬುದು ವೈದ್ಯಲೋಕಕ್ಕೆ ತಿಳಿದ ಸಂಗತಿ. ಇದರಿಂದ ನೊಂದ ಕುಟುಂಬಗಳಿಗಾಗಿಯೇ ಫ್ರಾನ್ಸ್ ದೇಶವು 2017ರಲ್ಲಿ ಪರಿಹಾರ ವ್ಯವಸ್ಥೆಯೊಂದನ್ನು ತೆರೆಯಿತು. (ಇದನ್ನೋದಿ ಯಾರೂ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು; ಮೂರ್ಛೆ ಮರುಕಳಿಸಿದರೆ ತಾಯಿ, ಮಗು ಇಬ್ಬರಿಗೂ ಅಪಾಯ. ವೈದ್ಯರನ್ನು ಕೇಳಿ.) ತಿಳಿದಿದ್ದ ಅಪಾಯವನ್ನು ತಾಯಿಗೆ ತಿಳಿಸದೆ ಹೋದದ್ದೇ ಇಲ್ಲಿನ ಮುಖ್ಯ ಅಪರಾಧ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದನ್ನು ಚೆನ್ನಾಗಿ ಗುರುತಿಸಿದೆ. ಔಷಧದಲ್ಲಿ ದೋಷವಿದ್ದರೆ ಅಥವಾ ಸಾಕಷ್ಟು ಎಚ್ಚರಿಕೆ ನೀಡದಿದ್ದರೆ ತಯಾರಕರೇ ಹೊಣೆ. ವೈದ್ಯರ ಮೇಲ್ವಿಚಾರಣೆಯಲ್ಲೇ ಕೊಡಬೇಕಾದ ಔಷಧದ ಕುರಿತು ಕಂಪೆನಿಯು ವೈದ್ಯರನ್ನು ಎಚ್ಚರಿಸಿದ್ದರೆ ಅದು ಪಾರಾಗಬಹುದು. ಆಗ ಆ ಮಾತನ್ನು ತಾಯಿಗೆ ಮುಟ್ಟಿಸದ ವೈದ್ಯರೇ ಉತ್ತರಿಸಬೇಕಾಗುತ್ತದೆ. ರಾರಾವಿಯ ಕುಟುಂಬಗಳಿಗೆ ಇದರಲ್ಲಿ ಮತ್ತೊಂದು ಅನುಕೂಲವಿದೆ. ಹೊಳೆ ದಾಟಿ ಆಂಧ್ರದ ಆದೋನಿಯಲ್ಲಿ ಚಿಕಿತ್ಸೆ ಪಡೆದಿದ್ದರೂ, ತಾವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಬಳ್ಳಾರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಪಾವತಿಸಿದ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂಬ ನಿಯಮವೂ ಇಲ್ಲ. ಆದರೆ 2 ವರ್ಷಗಳ ಗಡುವಿದೆ. ಅತ್ತು ಸುಮ್ಮನಾಗುವಷ್ಟರಲ್ಲಿ ಅದು ಕಳೆದುಹೋಗುವುದೇ ಹೆಚ್ಚು. ತಡಕ್ಕೆ ತಕ್ಕ ಕಾರಣವಿದ್ದರೆ ಆಯೋಗವು ಮನ್ನಿಸಬಹುದು, ಮನ್ನಿಸದೆಯೂ ಇರಬಹುದು.

ಎಲ್ಲರಿಗೂ ಉಚಿತವಾಗಿ ಸೇವೆ ನೀಡುವ ಸರ್ಕಾರಿ ಆಸ್ಪತ್ರೆಯ ಮೇಲೆ ಗ್ರಾಹಕ ಆಯೋಗದಲ್ಲಿ ದೂರು ನಡೆಯದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. ಬಡವರು ಹೋಗುವುದು ಅಲ್ಲಿಗೇ ಆದ್ದರಿಂದ ಇದು ನಮಗೆ ನೋವಿನ ಸಂಗತಿ. ಅವರಿಗುಳಿಯುವುದು ಸಿವಿಲ್ ನ್ಯಾಯಾಲಯ ಅಥವಾ ಧಾರವಾಡದಲ್ಲಿರುವ ಉಚ್ಚ ನ್ಯಾಯಾಲಯದ ಪೀಠ. ಅದೇ ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ, ಆಸ್ಪತ್ರೆಯ ಅಜಾಗರೂಕತೆಯಿಂದ ಮಿದುಳಿಗೆ ಹಾನಿಯಾದ ಬಾಲಕನ ಮೊಕದ್ದಮೆಯಲ್ಲಿ, ಮಗುವೂ ತಂದೆತಾಯಿಗಳೂ ಪ್ರತ್ಯೇಕವಾಗಿ ಪರಿಹಾರಕ್ಕೆ ಅರ್ಹರೆಂದು ಹೇಳಿದ್ದನ್ನು ಇಲ್ಲಿ ನೆನೆಯಬೇಕು. ಗರ್ಭದಲ್ಲಿದ್ದಾಗಲೇ ಆದ ಹಾನಿಗೆ ಬ್ರಿಟನ್ನಿನಲ್ಲಿ 1976ರಿಂದ ಪ್ರತ್ಯೇಕ ಕಾನೂನೇ ಇದೆ. ನಮ್ಮ ಸಂಸತ್ತು ಅಂಥದೊಂದನ್ನು ರಚಿಸಿಲ್ಲ. ಗರ್ಭಸ್ಥ ಶಿಶುವಿನ ಪರವಾಗಿ ಸದಾ ದನಿಯೆತ್ತುವ ನಾವು ಈ ಕೊರತೆಯ ಬಗ್ಗೆ ಏಕೋ ಮೌನವಾಗಿದ್ದೇವೆ.

ವಕೀಲರಿಗೆ ಕೊಡಲು ಹಣವಿಲ್ಲವೆಂಬ ಮಾತನ್ನು ಸಹ ಕೇಳಿದ್ದೇವೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯವೆಷ್ಟೆಂದು ನೋಡದೆ ಉಚಿತ ನೆರವು ದೊರೆಯುತ್ತದೆ. ಸಿರುಗುಪ್ಪದ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿದರೆ ಸಾಕು. ಒಳರೋಗಿಯಾಗಿದ್ದವರು ದಾಖಲೆ ಕೇಳಿದರೆ ವೈದ್ಯರು 72 ಗಂಟೆಗಳೊಳಗೆ ಕೊಡಬೇಕೆಂಬುದು ವೈದ್ಯರದೇ ನೀತಿಸಂಹಿತೆಯ ನಿಯಮ. ಆದರೆ ಅವರು ಅವುಗಳನ್ನು ಕಾಪಾಡಬೇಕಾದುದು 3 ವರ್ಷ ಮಾತ್ರ. ಆದ್ದರಿಂದ ಬಸುರಿನ ದಿನಗಳ ಚೀಟಿ, ಅಂಗಡಿಯ ರಸೀದಿ, ಬ್ಯಾಚ್ ಸಂಖ್ಯೆಯುಳ್ಳ ಖಾಲಿ ಮಾತ್ರೆಯ ಪಟ್ಟಿ, ಸ್ಕ್ಯಾನಿಂಗ್ ವರದಿ, ತಾಯಿ ಕಾರ್ಡು ಇವೆಲ್ಲವನ್ನೂ ಮಗುವಿನ ಜ್ಞಾನಸ್ನಾನದ ಪತ್ರ ಇಡುವ ಪೆಟ್ಟಿಗೆಯಲ್ಲೇ ಇಡಿ.