ಹೂಮಳೆಯಿಂದ ತೀರದ ಋಣ

ವೀರರೆಂದರೆ ಯಾರು ಎಂಬ ಪ್ರಶ್ನೆಗೆ ಕನ್ನಡ ನಾಡು ಕಲ್ಲಿನಲ್ಲಿಯೇ ಉತ್ತರ ಬರೆದಿರಿಸಿದೆ. ಊರ ತುರುಗಳನ್ನು ಬಿಡಿಸಿ ತರಲು ಹೋರಾಡಿ ಮಡಿದವರಿಗೂ ಹೆಣ್ಣುಮಕ್ಕಳ ಮಾನ ಕಾಯಲು ಪ್ರಾಣ ತೆತ್ತವರಿಗೂ ಇಲ್ಲಿ ವೀರಗಲ್ಲುಗಳು ನಿಂತಿವೆ. ಕ್ರಿ.ಶ. 949-50ರ ಆತಕೂರು ಶಾಸನವು ಹಂದಿಯೊಡನೆ ಕಾದಿ ಸತ್ತ ‘ಕಾಳಿ’ ಎಂಬ ನಾಯಿಯನ್ನೂ ಮರೆತಿಲ್ಲ. ಅನ್ಯರಿಗಾಗಿ ತನ್ನ ಜೀವವನ್ನು ಪಣಕ್ಕೊಡ್ಡುವುದೇ ವೀರತ್ವ. ಅದಕ್ಕೆ ಕುಲ, ಪದವಿಗಳ ಹಂಗಿಲ್ಲ.

ಆದರೆ ಅನೇಕ ವೀರಗಲ್ಲುಗಳ ಬರಹ ಹೊಗಳಿಕೆಯಲ್ಲಿಯೇ ಮುಗಿಯುವುದಿಲ್ಲ. ಮಡಿದವರ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಯನ್ನೂ ಅವು ಹೇಳುತ್ತವೆ. ‘ನೆತ್ತರುಗೊಡಗೆ’ ಎಂಬುದು ಆ ದತ್ತಿಯ ಹೆಸರು. ನೆತ್ತರು ಹರಿಸಿದವರ ಒಲೆ ಆರಬಾರದೆಂಬ ವಿವೇಕ ಅಂದಿನವರಿಗಿತ್ತು. ಕಲ್ಲು ನಿಲ್ಲಿಸುವುದು ಸ್ಮರಣೆ, ಕೊಡಗೆ ನೀಡುವುದು ಋಣಸಂದಾಯ.

ಇಂದಿನ ಸಮಾಜ ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಟ್ಟಿದೆ. 2020ರ ಮಾರ್ಚ್ 22ರಂದು ಕೊರೋನಾ ಯೋಧರಿಗಾಗಿ ದೇಶವೆಲ್ಲ ಚಪ್ಪಾಳೆ ತಟ್ಟಿತು, ಜಾಗಟೆ ಬಾರಿಸಿತು. ಮೇ 3ರಂದು ಆಸ್ಪತ್ರೆಗಳ ಮೇಲೆ ಆಕಾಶದಿಂದ ಹೂಮಳೆ ಸುರಿಯಿತು. ಅದೇ ವರ್ಷ ಜುಲೈನಲ್ಲಿ, ಮನೆಮನೆಗೆ ನಡೆದು ರೋಗಿಗಳನ್ನು ಗುರುತಿಸಿದ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಮುಷ್ಕರ ಹೂಡಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ದೇಶದ ಆಶಾ ಕಾರ್ಯಕರ್ತೆಯರನ್ನು ಪುರಸ್ಕರಿಸಿತು. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಮತ್ತೆ ಧರಣಿ ಕುಳಿತರು. ಅವರನ್ನು ಸ್ವಯಂಸೇವಕಿಯರೆಂದು ಕರೆಯಲಾಗುತ್ತದೆ. ಆದುದರಿಂದ ಅವರು ಪಡೆಯುವುದು ವೇತನವಲ್ಲ, ಗೌರವಧನ. ಗೌರವವೆಂಬ ಹಿರಿದಾದ ಪದ ಧನವನ್ನು ಕಿರಿದುಗೊಳಿಸುವ ಉಪಾಯವಾಗಿರುವುದು ಎಂತಹ ವಿಪರ್ಯಾಸ!

‘ಸೇವೆ ಮಾಡುವವರು ಕೂಲಿ ಕೇಳಬಹುದೇ? ಕಾಯಕವು ಪೂಜೆಯಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ಶರಣರ ಮಾತನ್ನು ಶರಣರ ವಿರುದ್ಧವೇ ತಿರುಗಿಸುವ ವಾದವಿದು. ಶರಣರ ಕಾಯಕ ಬಿಟ್ಟಿ ದುಡಿಮೆಯಲ್ಲ. ಸತ್ಯಶುದ್ಧವಾಗಿ ದುಡಿದು, ಬಂದುದರಲ್ಲಿ ತಾನು ಬದುಕಿ, ಉಳಿದುದನ್ನು ಜಂಗಮಕ್ಕೆ ಸಲ್ಲಿಸುವುದು ಕಾಯಕ. ದುಡಿದವರಿಗೆ ಪ್ರತಿಫಲವೇ ಇಲ್ಲದಿದ್ದರೆ ದಾಸೋಹ ನಡೆಯುವುದು ಯಾವುದರಿಂದ? ಆಯ್ದಕ್ಕಿ ಲಕ್ಕಮ್ಮ ಪತಿಯನ್ನು ಎಚ್ಚರಿಸಿದ್ದು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದುದಕ್ಕೆ, ಅಗತ್ಯದಷ್ಟನ್ನು ತಂದುದಕ್ಕಲ್ಲ. ಆಸೆ ಬೇರೆ, ಹಕ್ಕು ಬೇರೆ. ತ್ಯಾಗವನ್ನು ತಾನೇ ಆರಿಸಿಕೊಂಡರೆ ಅದು ವ್ರತ. ಇನ್ನೊಬ್ಬರ ಮೇಲೆ ಹೇರಿದರೆ ಅದು ಶೋಷಣೆ.

ವೀರರನ್ನು ಕೊಂಡಾಡುವುದು ತಪ್ಪಲ್ಲ. ಕೊಂಡಾಡಿದೊಡನೆ ಋಣ ತೀರಿತೆಂದು ಭಾವಿಸುವುದು ತಪ್ಪು. ಶಾಲು ಹೊದಿಸಿದ ಕೈ ಅವರ ಮನೆಯ ಒಲೆ ಉರಿಯುತ್ತಿದೆಯೇ ಎಂದೂ ವಿಚಾರಿಸಬೇಕು. ವಿಚಾರಿಸದ ಸನ್ಮಾನ ಸನ್ಮಾನವಲ್ಲ, ಸಾಲಗಾರನು ತಲೆ ತಪ್ಪಿಸಿಕೊಳ್ಳುವ ಬಗೆ. ಸದ್ಭಕ್ತರು ಮುಂದಿನ ಸಲ ಚಪ್ಪಾಳೆ ತಟ್ಟುವ ಮುನ್ನ ಇದನ್ನು ನೆನೆಯಲಿ.