ಹಾಲು ಸಾಲ್ತಿಲ್ಲ ಅಂತ ಹೇಳಿದ್ದು ಯಾರು?

ಅಕ್ಕನಿಗೆ ಮಗಳು ಹುಟ್ಟಿ ಎರಡನೇ ದಿನ. ಮಗು ಒಂದೇ ಸಮ ಅಳ್ತಾ ಇತ್ತು. ಡ್ಯೂಟಿಯಲ್ಲಿದ್ದ ನರ್ಸ್ ಬಾಗಿಲಲ್ಲೇ ನಿಂತು, "ಹಾಲು ಸಾಲ್ತಿಲ್ಲ ಕಣಮ್ಮ, ಪೌಡರ್ ತರ್ಸಿ" ಅಂದು ಹೊರಟೇಬಿಟ್ಟರು. ಡಬ್ಬಿ ತರೋಕೆ ಓಡಿದ್ದು ನಾನೇ. ವಾಪಸ್ ಬಂದಾಗ ಅಕ್ಕ ಗೋಡೆ ಕಡೆ ತಿರುಗಿ ಅಳ್ತಾ ಇದ್ಲು.

ರಾತ್ರಿ ಪಾಳಿಗೆ ಬಂದ ಹಿರಿಯ ನರ್ಸ್ ನನ್ನನ್ನ ಹೊರಗೆ ಕಳಿಸಿ, ಅಕ್ಕನ ಪಕ್ಕ ಹತ್ತು ನಿಮಿಷ ಕೂತರಂತೆ. ಮಗುವಿನ ಹೊಟ್ಟೆ ಅಮ್ಮನ ಹೊಟ್ಟೆಗೆ ತಾಗೋ ಹಾಗೆ ತಿರುಗಿಸಿ, ಬಾಯಿ ಅಗಲವಾಗಿ ತೆರೆಯೋವರೆಗೂ ಕಾದು, ತೊಟ್ಟು ಮಾತ್ರ ಅಲ್ಲ, ಸುತ್ತಲಿನ ಕಪ್ಪು ಭಾಗಾನೂ ಬಾಯಿಗೆ ಹೋಗೋ ಹಾಗೆ ಹಿಡಿಸಿದರು. ಅಷ್ಟೇ! ಡಬ್ಬಿ ತೆರೆಯಲೇ ಇಲ್ಲ.

ಒಂದೇ ವಾರ್ಡು, ಇಬ್ಬರು ನರ್ಸು. ಒಬ್ಬರಿಗೆ ಗೊತ್ತಿತ್ತು, ಇನ್ನೊಬ್ಬರಿಗೆ ಯಾರೂ ಕಲಿಸಿರಲಿಲ್ಲ. ಮಗುವಿನ ಊಟ ಯಾರ ಪಾಳಿ ಅನ್ನೋದರ ಮೇಲೆ ನಿಂತಿರಬೇಕಾ?

ಮೊದಲೆರಡು ದಿನ ಬರೋ ಗಟ್ಟಿ ಹಾಲು ಚಮಚದ ಲೆಕ್ಕದ್ದು. ಆ ಪುಟ್ಟ ಹೊಟ್ಟೆಗೆ ಅದೇ ಸಾಕು. ಮಗು ಹೀರಿದಷ್ಟೂ ಹಾಲು ಹೆಚ್ಚುತ್ತೆ. ಪೌಡರ್ ಕುಡಿದ ಮಗು ಕಡಿಮೆ ಹೀರುತ್ತೆ, ಹಾಲೂ ಕಡಿಮೆಯಾಗುತ್ತೆ. ಕೊನೆಗೆ "ಸಾಲ್ತಿಲ್ಲ" ಅನ್ನೋ ಮಾತೇ ನಿಜವಾಗಿಬಿಡುತ್ತೆ! ನಿಜವಾಗಿಯೂ ಹಾಲು ಸಾಲದ ತಾಯಂದಿರೂ ಇದ್ದಾರೆ, ಅವರಿಗೆ ಪೌಡರ್ ಬೇಕೇ ಬೇಕು. ಆದರೆ ಅದನ್ನ ಮಗುವಿನ ತೂಕ, ಉಚ್ಚೆಯ ಲೆಕ್ಕ ನೋಡಿ ಹೇಳಬೇಕೇ ಹೊರತು ಅಳು ಕೇಳಿ ಅಲ್ಲ.

ಹಾಲೂಡಿಸೋದು ತಡವಾದರೆ ನಾವು ಅಜ್ಜಿಯಂದಿರ ಜೇನುತುಪ್ಪ, ಸಕ್ಕರೆ ನೀರನ್ನ ಬೈತೀವಿ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ದೇಶದಲ್ಲಿ ಶೇ. 88.6ರಷ್ಟು ಹೆರಿಗೆ ಆಸ್ಪತ್ರೆಗಳಲ್ಲೇ. ಮೊದಲ ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಮಾತ್ರ ಶೇ. 41.8 ಮಕ್ಕಳಿಗೆ. ಆ ಮೊದಲ ಗಂಟೆ ಅಜ್ಜಿ ಕೈಯಲ್ಲಿಲ್ಲ ಸ್ವಾಮಿ, ಆಸ್ಪತ್ರೆ ಕೈಯಲ್ಲಿದೆ.

ತರಬೇತಿ ಕೊಟ್ರೆ ವ್ಯತ್ಯಾಸ ಆಗುತ್ತಾ? ಬೆಲಾರುಸ್ ದೇಶದಲ್ಲಿ 1996-97ರಲ್ಲಿ 31 ಆಸ್ಪತ್ರೆಗಳನ್ನ ಎರಡು ಗುಂಪು ಮಾಡಿ, ಒಂದು ಗುಂಪಿನ ಸಿಬ್ಬಂದಿಗೆ ಮಾತ್ರ ಹಾಲೂಡಿಸೋಕೆ ನೆರವಾಗೋದು ಹೇಗೆ ಅಂತ ಕಲಿಸಿದರು. 2001ರಲ್ಲಿ ಫಲಿತಾಂಶ ಬಂತು. ಮೂರು ತಿಂಗಳಾದಾಗ ಬರೀ ಎದೆಹಾಲು ಕುಡೀತಿದ್ದ ಮಕ್ಕಳು ಆ ಗುಂಪಿನಲ್ಲಿ ಶೇ. 43.3, ಇನ್ನೊಂದರಲ್ಲಿ ಶೇ. 6.4!

ನಮ್ಮಲ್ಲೂ 2016ರಲ್ಲಿ ಕೇಂದ್ರ ಸರ್ಕಾರ 'ಮಾ' ಕಾರ್ಯಕ್ರಮ ಶುರುಮಾಡಿತು, ಅದರಲ್ಲಿ ನರ್ಸ್‌ಗಳ ತರಬೇತಿಯೂ ಇದೆ. ಆದರೆ ಪ್ರೊಜೆಕ್ಟರ್ ಹಾಕಿ ಸ್ಲೈಡ್ ತೋರಿಸಿದರೆ ಇದು ಬರಲ್ಲ. ಎರಡು ದಿನದ ಟ್ರೈನಿಂಗ್ ಮುಗಿಸಿ ಸರ್ಟಿಫಿಕೇಟ್ ತಗೊಂಡು ಸೀಟಿಗೆ ಬಂದು ಏನೂ ತೋಚದೆ ಕೂತ ನನ್ನಂಥ ಸಾಫ್ಟ್‌ವೇರ್‌ನವರಿಗೆ ಇದು ಚೆನ್ನಾಗಿ ಗೊತ್ತು :-) ಕಲಿತವರ ಜೊತೆ ಮಂಚದ ಪಕ್ಕ ಕೂತು, ಕೈಯಾರೆ ಮಾಡಿ ಕಲೀಬೇಕು. ಜೊತೆಗೆ, ಪ್ರತಿ ತಾಯಿಗೂ ಹತ್ತು ನಿಮಿಷ ಕೊಡುವಷ್ಟು ನರ್ಸ್‌ಗಳೂ ಇರಬೇಕು.

ಅಕ್ಕನ ಮಗಳಿಗೆ ಈಗ ಎರಡು ವರ್ಷ. "ನನ್ನಲ್ಲೇ ಏನೋ ಕೊರತೆ ಅಂದ್ಕೊಂಡಿದ್ದೆ ಕಣೋ" ಅಂತ ಅಕ್ಕ ಇವತ್ತಿಗೂ ಹೇಳ್ತಾಳೆ.

ನಿಮಗೆ, ನಿಮ್ಮ ಮನೆಯವರಿಗೆ ಆ ಹತ್ತು ನಿಮಿಷ ಕೊಟ್ಟವರು ಯಾರಾದರೂ ಇದ್ರಾ? ಬರೀರಿ.