ಟಿಟಿ ಸೈಕಲ್ ಕಟ್ಟಿಸೋರಿಗೆ, ಭಾಗ 3: ಆ 58 ಹಲ್ಲಿನ ಚೈನ್‌ರಿಂಗ್ ನಿಮಗ್ಯಾಕೆ?

ಫೋಟೋದಾಗ ಛಲೋ ಕಾಣಿಸ್ತದ, ಒಪ್ತೀನಿ. ಕರೀ ಫ್ರೇಮು, ಊಟದ ತಟ್ಟೆಯಷ್ಟು ದೊಡ್ಡ ಚೈನ್‌ರಿಂಗ್, ಲೈಕ್ಸ್ ಗ್ಯಾರಂಟಿ. ಆದರೆ ಟೈಮ್ ಟ್ರಯಲ್‌ಗೆ ಅಂತ ಬಿಡಿಬಿಡಿಯಾಗಿ ಪಾರ್ಟ್ಸ್ ಕೂಡಿಸಿ ಸೈಕಲ್ ಕಟ್ಟಿಸ್ತಿದ್ರೆ ಅದಕ್ಕೆ ದುಡ್ಡು ಹಾಕಬ್ಯಾಡ್ರಿ. ಲೆಕ್ಕ ಹೇಳ್ತೀನಿ, ಆಮೇಲೆ ಬೈಯೋದಿದ್ರೆ ಬೈರಿ.

ನಮ್ಮ ವಿಜಯಪುರದ ಕ್ಲಾಸ್‌ಮೇಟ್ ಒಬ್ಬ ಈಗ ಸೈಕಲ್ ಕಟ್ಟಿಸ್ತಿದ್ದಾನೆ. ಈ ಸಲದ ತೊಗರಿ ಮಾರಿದ ದುಡ್ಡಿನಾಗ ಅವರಪ್ಪ ಒಂದು ಪಾಲು ಎತ್ತಿಟ್ಟು ಕೊಟ್ಟಾರ. ಫ್ರೇಮ್ ಬಂದದ, ಸೆಕೆಂಡ್ ಹ್ಯಾಂಡ್ ಚಕ್ರ ಬಂದಾವ, ಗೇರು ಒಂದೇ ಉಳಿದದ್ದು. ಒಮ್ಮೆ ತಗೊಂಡ್ರೆ ಮುಗೀತು, ಬದಲಾಯಿಸೋಕೆ ಎರಡನೇ ಸಲ ದುಡ್ಡಿಲ್ಲ. ಸೆಲೆಕ್ಷನ್ ಟ್ರಯಲ್‌ಗೆ ಅದರ ಮೇಲೇ ಕೂತು ಹೋಗಬೇಕು. 20 ಕಿ.ಮೀ. ಅವನು 32 ನಿಮಿಷಕ್ಕೆ ಮುಗಿಸ್ತಾನ. ಅಂದ್ರೆ ಗಂಟೆಗೆ 37.5 ಕಿ.ಮೀ. ಈ ನಂಬರ್ ತಲೆಯಲ್ಲಿಟ್ಕೊಳ್ರಿ, ಉಳಿದದ್ದೆಲ್ಲ ಇದರ ಮೇಲೇ ನಿಂತದ.

ಸೂತ್ರ ಏಳನೇ ಕ್ಲಾಸಿಂದು. ಮುಂದಿನ ಹಲ್ಲನ್ನ ಹಿಂದಿನ ಹಲ್ಲಿಂದ ಭಾಗಿಸಿ, ಚಕ್ರದ ಸುತ್ತಳತೆಯಿಂದ ಗುಣಿಸಿದ್ರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಎಷ್ಟು ಮೀಟರ್ ಓಡ್ತದ ಅಂತ ಬರ್ತದ. 25 ಮಿ.ಮೀ. ಟೈರ್ ಹಾಕಿದ ರೋಡ್ ಚಕ್ರಕ್ಕೆ ಸುತ್ತಳತೆ ಸುಮಾರು 2.1 ಮೀಟರ್. ಅದನ್ನ ಕೇಡೆನ್ಸ್‌ನಿಂದ, ಅಂದ್ರೆ ನಿಮಿಷಕ್ಕೆ ಎಷ್ಟು ಸುತ್ತು ತುಳೀತೀರಿ ಅನ್ನೋದರಿಂದ, ಗುಣಿಸಿದ್ರೆ ವೇಗ.

ನಮ್ಮ ದೋಸ್ತನಿಗೆ 90ರ ಹತ್ತಿರ ತುಳಿದ್ರೆ ಉಸಿರೂ ಸರಿ, ಕಾಲೂ ಸರಿ. 58ರ ರಿಂಗ್, ಹಿಂದೆ 11-25 ಕ್ಯಾಸೆಟ್ ಹಾಕಿದ ಅಂತ ಇಟ್ಕೊಳ್ರಿ. 37.5ರಲ್ಲಿ ಓಡಬೇಕಂದ್ರೆ 17ರ ಹಲ್ಲಿನಾಗ 87 ಸುತ್ತು, ಇಲ್ಲಾಂದ್ರೆ 19ರಾಗ 97 ಸುತ್ತು. ನಡುವೆ ಏನೂ ಇಲ್ಲ, ಯಾಕಂದ್ರೆ ಆ ಕ್ಯಾಸೆಟ್‌ನಲ್ಲಿ 18 ಇಲ್ಲ. 17 ದಾಟಿದ ಮೇಲೆ ಹಲ್ಲು ಎರಡೆರಡಾಗಿ ಜಿಗೀತಾವ. ಮುಂದಿನ ರಿಂಗ್ ದೊಡ್ಡದಾದಷ್ಟೂ ನೀವು ಹಿಂದೆ ಆ ಜಿಗಿಯೋ ಕಡೆಗೇ ಸರೀತೀರಿ. ಇನ್ನೊಂದು ತುದಿಯಲ್ಲಿರೋ 11ರ ಹಲ್ಲು? 58ಕ್ಕೆ ಅದನ್ನ 90ರಲ್ಲಿ ತುಳಿಯೋಕೆ ಗಂಟೆಗೆ 60 ಕಿ.ಮೀ. ವೇಗ ಬೇಕು. ಕಾಸ್ಟ್ ಅಕೌಂಟಿಂಗ್ ಕ್ಲಾಸ್‌ನಲ್ಲಿ ನಿದ್ದೆ ಮಾಡದೇ ಇದ್ದೋರಿಗೆ ಇದು ಗೊತ್ತು: ಐಡಲ್ ಕೆಪ್ಯಾಸಿಟಿ. ದುಡ್ಡು ಕೊಟ್ಟು ತಂದು, ತೂಕ ಹೊತ್ಕೊಂಡು, ಒಮ್ಮೆಯೂ ಬಳಸದೇ ಇರೋದು.

ಈಗ ಅದೇ ಕ್ಯಾಸೆಟ್‌ಗೆ 52 ಹಾಕಿ ನೋಡ್ರಿ. ಅದೇ ವೇಗಕ್ಕೆ 15ರಾಗ 86, 16ರಾಗ 91, 17ರಾಗ 97. ಗಾಳಿ ಸ್ವಲ್ಪ ಎದುರಾದ್ರೆ ಒಂದು ಹಲ್ಲು, ಬೆನ್ನಿಗೆ ಬಂದ್ರೆ ಒಂದು ಹಲ್ಲು. 11 ಹಲ್ಲುಚಕ್ರದ ಆ ಕ್ಯಾಸೆಟ್‌ನಲ್ಲಿ 16 ಆರನೇದು, ಅಂದ್ರೆ ನಟ್ಟನಡುವೆ. ಒಂಟಿ ರಿಂಗ್ ಸರಿಯಾಗಿ ಕೂಡಿಸಿದ್ರೆ ಚೈನ್ ನೇರ ಓಡ್ತದ. ನಮ್ಮ ಬಯಲು ಸೀಮೆ ರಸ್ತೆಯಲ್ಲಿ ಏರು ಕಡಿಮೆ, ಗಾಳಿಯೇ ಗುಡ್ಡ. ಹೋಗೋವಾಗ ತಳ್ಳಿದ ಗಾಳಿ ತಿರುವು ಹೊಡೆದು ವಾಪಸ್ ಬರೋವಾಗ ಎದೆಗೆ ಒದೀತದ. ಆಗ ಬೇಕಾಗೋದು ದೊಡ್ಡ ಗೇರ್ ಅಲ್ಲ, ಸಣ್ಣ ಸಣ್ಣ ಮೆಟ್ಟಿಲು.

ಅದಕ್ಕೇ ನಾನು ಹೇಳೋದು, ಜಗಳ ಆಗಬೇಕಾದ್ದು ಕ್ಯಾಸೆಟ್ ಮೇಲೆ. ಸಾಮಾನ್ಯವಾಗಿ ಸಿಗೋ 11-28ರಲ್ಲಿ 15 ಆದ ಮೇಲೆ ನೇರ 17. ನಮ್ಮಂಥ ವೇಗದೋರಿಗೆ ಬೇಕಾದ 16ನ್ನೇ ತೆಗೆದು, ಬಯಲಿನಾಗ ಬೇಡವೇ ಬೇಡದ 28 ಕೊಟ್ಟಿರ್ತಾರ. ಮಡಿಕೇರಿ, ಚಿಕ್ಕಮಗಳೂರು ಕಡೆಯೋರು ನಗಬ್ಯಾಡ್ರಿ, ನಿಮಗೆ 28 ಬೇಕು, ಮುಂದೆ ಇನ್ನೊಂದು ಸಣ್ಣ ರಿಂಗೂ ಬೇಕು. ಈ ಪೋಸ್ಟ್ ನಿಮಗಲ್ಲ.

"ಪ್ರೊ ರೈಡರ್‌ಗಳು ಹಾಕ್ತಾರಲ್ಲ" ಅಂತೀರಿ. ಹೌದು, ಫಿಲಿಪ್ಪೊ ಗನ್ನಾ 2022ರ ಅಕ್ಟೋಬರ್‌ನಲ್ಲಿ ಒಂದು ಗಂಟೆಯ ದಾಖಲೆ ಮಾಡಿದಾಗ ಮುಂದೆ 65, ಹಿಂದೆ 14 ಇತ್ತು. ಓಡಿದ್ದು 56.792 ಕಿ.ಮೀ. ಆ ವೇಗಕ್ಕೆ ಆ ಗೇರ್ ಸರಿ. ದೊಡ್ಡ ಹಲ್ಲುಚಕ್ರದ ಮೇಲೆ ಚೈನ್ ಕಡಿಮೆ ಬಾಗ್ತದ, ಘರ್ಷಣೆ ಕಡಿಮೆ, ಇದೂ ನಿಜ. ಆದರೆ ಉಳಿಯೋದು ಕೆಲವೇ ವಾಟ್. ತಲೆ ಸ್ವಲ್ಪ ತಗ್ಗಿಸಿ, ಮೊಣಕೈ ಒಳಗೆ ತಗೊಂಡ್ರೆ ಅದಕ್ಕಿಂತ ಹೆಚ್ಚು ಪುಕ್ಕಟೆ ಸಿಗ್ತದ.

ನನಗೆ ಇಷ್ಟವಾದ ಉದಾಹರಣೆ ಬೇರೆ. ಸ್ಕಾಟ್ಲೆಂಡಿನ ಗ್ರೇಮ್ ಒಬ್ರಿ ತಾನೇ ಕಟ್ಟಿದ ಸೈಕಲ್‌ಗೆ ವಾಷಿಂಗ್ ಮಷೀನಿನ ಬೇರಿಂಗ್ ಹಾಕಿ, 1993ರ ಜುಲೈನಲ್ಲಿ ನಾರ್ವೆಯ ಹಾಮರ್‌ನಲ್ಲಿ ಗಂಟೆಗೆ 51.596 ಕಿ.ಮೀ. ಓಡಿ ವಿಶ್ವದಾಖಲೆ ಮಾಡಿದ. ಮುಂದೆ ಎಷ್ಟು ಹಲ್ಲು? 52. ಹಿಂದೆ 12. ಒಂದೇ ಗೇರು.

ಹದಿನೇಳು-ಹದಿನೆಂಟರ ತಮ್ಮಂದಿರೇ, ತಂಗಿಯರೇ, ಇದು ನಿಮಗೆ. 2022ರ ಕೊನೆಯವರೆಗೂ ಜೂನಿಯರ್‌ಗಳಿಗೆ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮಿತಿ ಇತ್ತು: ಪೆಡಲ್ ಒಂದು ಸುತ್ತಿಗೆ 7.93 ಮೀಟರ್, ಹೆಚ್ಚುಕಡಿಮೆ 52ಕ್ಕೆ 14. ಆ ಮಿತಿಯೊಳಗೇ ರೆಮ್ಕೊ ಎವೆನೆಪೂಲ್ 2018ರಲ್ಲಿ ಇನ್ಸ್‌ಬ್ರಕ್‌ನಲ್ಲಿ ಜೂನಿಯರ್ ಟೈಮ್ ಟ್ರಯಲ್ ವಿಶ್ವಚಾಂಪಿಯನ್ ಆದ, ವೇಗ ಗಂಟೆಗೆ ಸುಮಾರು 50 ಕಿ.ಮೀ. ಆ ಗೇರಿನಾಗ ಆ ವೇಗಕ್ಕೆ 105 ಸುತ್ತು ತುಳೀಬೇಕು. ಮಿತಿ ಹೋಯ್ತು ಅಂತ ಮೊಣಕಾಲು ಬದಲಾಗಿಲ್ಲ. ಮೊದಲು ತುಳಿಯೋದು ಕಲೀರಿ.

ರಿಂಗ್ ಆರ್ಡರ್ ಮಾಡೋ ಮುಂಚೆ ಎರಡು ಅಳತೆ. ನಿಮ್ಮ ಕ್ರ್ಯಾಂಕ್‌ನ ಬೋಲ್ಟ್ ನಾಲ್ಕೋ ಐದೋ, ಅವು ಕೂತಿರೋ ವೃತ್ತ 110 ಮಿ.ಮೀ.ದೋ 130ರದೋ ನೋಡ್ರಿ, ತಪ್ಪಿದ್ರೆ ರಿಂಗ್ ಕೂರೋದೇ ಇಲ್ಲ. ಎರಡನೇದು, ಫ್ರೇಮಿನ ಹಿಂದಿನ ಕೊಳವೆಗೂ ರಿಂಗ್‌ಗೂ ಎಷ್ಟು ಜಾಗ ಉಳೀತದ. ಕೆಲವು ಫ್ರೇಮ್‌ನಲ್ಲಿ ದೊಡ್ಡ ರಿಂಗ್ ಉಜ್ಜೇ ಬಿಡ್ತದ. ಒಂಟಿ ರಿಂಗ್ ಹಾಕೋರು ಒಂದು ದಪ್ಪ ಒಂದು ತೆಳು ಹಲ್ಲಿರೋದನ್ನೇ ತಗೊಳ್ರಿ, ಚೈನ್ ಬೀಳೋದು ಕಡಿಮೆ.

ಗಾಳಿ ಇರೋ ದಿನ 10 ಹೋಗಿ 10 ವಾಪಸ್ ಬಂದು, ಎರಡೂ ಕಡೆಯ ವೇಗ, ಕೇಡೆನ್ಸ್ ಬರೆದಿಟ್ಟು ಮೆಸೇಜ್ ಮಾಡ್ರಿ, ನಿಮ್ಮ ಹಲ್ಲಿನ ಲೆಕ್ಕ ಕೂತು ಹಾಕೋಣ. ನಮ್ಮ ದೋಸ್ತ ಇನ್ನೂ 58ರ ಫೋಟೋ ಝೂಮ್ ಮಾಡಿ ನೋಡ್ತಾನೇ ಇದ್ದಾನ. ಆರ್ಡರ್ ಶುಕ್ರವಾರ.